ಮೀನಿನ ಹೊತ್ತಿಗೆ ಜಾಝ್

ವಂಡ್ಸೆಯ ಆ ಓಣಿಯಲ್ಲಿ ಬೆಳಗ್ಗೆ ಹತ್ತಕ್ಕೆ 'ಪೋಂ' ಎಂದು ಕೇಳಿದರೆ ಮೀನು ಬಂತೆಂದು ಅರ್ಥ. ಹೆಂಗಸರು ಪಾತ್ರೆ ಹಿಡಿದು ಓಡಿಬರುತ್ತಾರೆ. ಮೀನು ಮಾರುವ ನಾಗನ ಸಂಸಾರ ನಿಂತದ್ದೇ ಈ ನಂಬಿಕೆಯ ಮೇಲೆ. ಅದನ್ನು ಅವನ ಅಪ್ಪ ಗಣಪನೇ ಕೆಡಿಸಿದ್ದ.

ಮುಂಬೈಯ ಹೋಟೆಲುಗಳಲ್ಲಿ ಮೂವತ್ತು ವರ್ಷ ಜಾಝ್ ನುಡಿಸಿ ಊರಿಗೆ ಮರಳಿದ್ದ ಗಣಪ, ಒಂಬತ್ತೂವರೆಗೇ ಜಗಲಿಯಲ್ಲಿ ಟ್ರಂಪೆಟ್ ಊದುತ್ತಿದ್ದ. ಹೆಂಗಸರು ಅದನ್ನೇ ಹಾರನ್ ಎಂದುಕೊಂಡು ಪಾತ್ರೆಯೊಂದಿಗೆ ಓಡಿಬಂದು, ಬೈದುಕೊಂಡು ಒಳಹೋಗುತ್ತಿದ್ದರು. ಆಮೇಲೆ ನಾಗ ಗಂಗೊಳ್ಳಿಯಿಂದ ಮೊಪೆಡ್ಡಿನಲ್ಲಿ ನಿಜವಾದ ಮೀನು ತಂದು ಎಷ್ಟು ಹಾರನ್ ಒತ್ತಿದರೂ ಒಬ್ಬರೂ ಹೊರಬರುತ್ತಿರಲಿಲ್ಲ. ಬೆಕ್ಕುಗಳು ಮಾತ್ರ ಬರುತ್ತಿದ್ದವು. ಅವಕ್ಕೆ ಸಂಗೀತ ತಿಳಿಯುತ್ತಿತ್ತು.

ಆ ದಿನವೂ ತುಂಬಿದ ಪೆಟ್ಟಿಗೆಯೊಂದಿಗೆ ಮನೆಗೆ ಬಂದ ನಾಗ ಸಿಡಿದ.

"ಅಪ್ಪಯ್ಯ, ಅದನ್ನ್ ಸಂಜಿಗ್ ಊದುಕಾತಿಲ್ಯಾ?"

"ಜಾಝ್ ಮನ್ಸ್ ಬಂದಾಗ ಬಪ್ಪುದ್ ಮಗಾ. ಗಡಿಯಾರ ಕಂಡ್ ಬತ್ತಿಲ್ಲೆ."

"ಅಜ್ಜ ಹೇಳುದ್ ಸಮ," ಎಂದಳು ನಾಗನ ಮಗಳು ಪ್ರೇಕ್ಷಾ. "ನಿನ್ನ ಹಾರನ್ನಿಗ್ ಇಪ್ಪುದ್ ಒಂದೇ ಸ್ವರ."

ಬೇಲಿಯಾಚೆಯಿಂದ ಜಲಜಕ್ಕ ಕತ್ತು ಚಾಚಿದಳು. "ಹ್ವಾಯ್ ನಾಗಣ್ಣ, ಅವ್ರನ್ನೇ ಗಾಡಿ ಮೇಲ್ ಕೂರ್ಸ್ಕಂಡ್ ಹೋಯ್ನಿ. ಊದಿದ್ರೆ ಮೀನ್ ಬಂತ್ ಅಂದೇಳಿ ಗೊತ್ತಾತ್ತ್!"

ಸಲಹೆ ಚೆನ್ನಾಗಿತ್ತು. ಮರುದಿನ ಓಣಿಯ ಬಾಯಲ್ಲಿ ಗಣಪ ಮೊಪೆಡ್ಡಿನ ಹಿಂದೆ ಕುಳಿತು ಊದಿದ. ಹತ್ತು ಹೆಂಗಸರು, ಹತ್ತು ಪಾತ್ರೆ. ನಾಗ ತಕ್ಕಡಿ ಎತ್ತಿದ. ಗಣಪ ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದ. ಹಿರಿಯರು ನುಡಿಸುವಾಗ ಬಂಗ್ಡೆಗೆಷ್ಟು ಎಂದು ಕೇಳುವುದು ಹೇಗೆ? ಹೆಂಗಸರು ಭಜನೆಗೆ ಬಂದವರಂತೆ ನಿಂತರು. ಐದು ನಿಮಿಷ, ಹದಿನೈದು ನಿಮಿಷ. ಐಸು ಕರಗಿ ನಾಗನ ಕಾಲ ಮೇಲೆ ಹರಿಯಿತು.

"ಸಾಕ್ ಅಪ್ಪಯ್ಯ! ಮೀನ್ ಹಳ್ಸತ್ತ್!"

ಟ್ರಂಪೆಟ್ ನಿಂತಿತು. "ಬೊಂಬಾಯಂಗೆ ಕುಡ್ದ್ ಬಿದ್ದವ್ರೂ ನಂಗೆ ಸಾಕ್ ಅಂದಿರ್ಲಿಲ್ಲೆ," ಎಂದು ಗಣಪ ಇಳಿದು ನಡೆದೇಬಿಟ್ಟ. ನೋಡಲು ಬಂದಿದ್ದ ಪ್ರೇಕ್ಷಾ ಅಜ್ಜನ ಹಿಂದೆಯೇ ಓಡಿದಳು.

"ಹೆತ್ತ ಅಪ್ಪನ್ನ ಮಾರ್ಗದಂಗೆ ಇಳ್ಸಿದ್ಯಲ್ಲ! ನಿನ್ನ ಮೀನೂ ಬೇಡ, ಎಂತದೂ ಬೇಡ," ಎಂದು ಹೆಂಗಸರು ಒಳಹೋದರು.

ಅರ್ಧ ಗಂಟೆ ಪೆಟ್ಟಿಗೆಯ ಐಸು ನೀರು ಬಸಿಯುತ್ತಿದ್ದ ನಾಗನಿಗೆ ಮೇಲಿನ ಕೇರಿಯಿಂದ ಟ್ರಂಪೆಟ್ ಕೇಳಿಸಿತು. ಸಿಟ್ಟು ಇಳಿದ ಅಪ್ಪ, ಮುಂದೆ ಹೋಗಿ ತನಗಾಗಿ ಗಿರಾಕಿಗಳನ್ನು ಸೇರಿಸುತ್ತಿದ್ದಾನೆ! ನಾಗ ಕಣ್ಣು ತುಂಬಿಕೊಂಡು ಮೊಪೆಡ್ ಓಡಿಸಿದ.

ಜನ ಜಾತ್ರೆಯಂತೆ ಸೇರಿದ್ದರು. ನಡುವೆ ಅವನ ಎದುರಾಳಿ ಮೀನು ವ್ಯಾಪಾರಿ ಚಂದ್ರನ ಗಾಡಿ. ಹಿಂದಿನ ಸೀಟಿನಲ್ಲಿ ಗಣಪ ಮೈಮರೆತು ಊದುತ್ತಿದ್ದ. ಚಂದ್ರ ತುಟಿ ಬಿಚ್ಚದೆ, ಬೆರಳಲ್ಲೇ ದರ ತೋರಿಸಿ ಮಾರುತ್ತಿದ್ದ. ಮೀನು ತೂಗುತ್ತಿದ್ದವಳು ಪ್ರೇಕ್ಷಾ.

ನಾಗ ಸಿಟ್ಟಿನಲ್ಲಿ ಹಾರನ್ ಒತ್ತಿಹಿಡಿದ.

ಗುಂಪಿನಿಂದ ಒಬ್ಬಳು ತಿರುಗಿ ಗದರಿದಳು: "ಶ್! ನಿಲ್ಸಿ ಮರಾಯ್ರೆ ನಿಮ್ಮ ಗಲಾಟೆ. ಇಲ್ಲಿ ಮೀನ್ ಬಂದಿತ್ತ್, ಕಾಂತಿಲ್ಯಾ?"