ತೋಟಾ ತುಂಬುವಾಗ ಮಾತಾಡಬಾರದು

ಸ್ವಂತ ಮನೆಯ ಅಡುಗೆಮೇಜಿನ ಮೇಲೆ ಗಂಡನಾದವನಿಗೆ ಹಕ್ಕಿಲ್ಲವೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಇದು ಅಲೊಯಿಸನ ಬಹುಕಾಲದ ಅಳಲು. ವಾರವಿಡೀ ಬಸ್ಸು ಓಡಿಸುವ ಈ ಮನುಷ್ಯ ಭಾನುವಾರ ಬಂತೆಂದರೆ ಅಗಲ ಅಂಚಿನ ಟೊಪ್ಪಿ ಹಾಕಿಕೊಂಡು, ಸಾಜಾವಾ ಹೊಳೆಯಾಚೆಯ ಕಲ್ಲುಕ್ವಾರಿಯಲ್ಲಿ ಸೇರುವ ಗುರಿಕಾರರ ಕ್ಲಬ್ಬಿಗೆ ಹೋಗಿ ಕೌಬಾಯ್ ಸಿನಿಮಾದ ಶೆರಿಫ್ ಆಗಿಬಿಡುತ್ತಿದ್ದ. ಸೊಂಟದಲ್ಲಿ ಹಳೇ ಕಾಲದ ರಿವಾಲ್ವರಿನ ತದ್ರೂಪು. ಅಂಥ ಆಯುಧಕ್ಕೆ ಅಂಗಡಿಯ ತೋಟಾ ಹಾಕುವುದು ಮಹಾ ಅಪಚಾರ. ಕರಿಮದ್ದು ಹಾಕಿ ಸ್ವಹಸ್ತದಿಂದಲೇ ತುಂಬಬೇಕು, ತುಂಬಲು ಮೇಜು ಬೇಕು. ಮನೆಯಲ್ಲಿದ್ದದ್ದು ಒಂದೇ ಮೇಜು, ಹೆಂಡತಿ ಲಿಬುಶೆ ಕಡುಬಿನ ಹಿಟ್ಟು ನಾದುವ ಮೇಜು.

ಜಗಳವಾಡಿ ಇಬ್ಬರಿಗೂ ಗಂಟಲು ಕಟ್ಟಿದ ಮೇಲೆ ಒಪ್ಪಂದವಾಯಿತು. ಈ ಭಾನುವಾರದ ಪಂದ್ಯದಲ್ಲಿ ಅಲೊಯಿಸ್ ಕಬ್ಬಿಣದ ತಟ್ಟೆಗಳನ್ನೆಲ್ಲ ಹೊಡೆದು ಬೀಳಿಸಿದರೆ ಮೇಜು ಚಳಿಗಾಲ ಪೂರ್ತಿ ಅವನದು. ಒಂದೇ ಒಂದು ತಪ್ಪಿದರೂ ಗಂಟುಮೂಟೆ ಸಮೇತ ಆಲೂಗಡ್ಡೆ ಇಡುವ ನೆಲಮಾಳಿಗೆಗೆ ಇಳಿಯಬೇಕು.

ಶನಿವಾರ ಮಧ್ಯಾಹ್ನ ಅವನು ಒಲೆ ಆರಿಸಿದ. ಲಿಬುಶೆಯ ನೈಲಾನ್ ಏಪ್ರನ್ ಬಿಚ್ಚಿಸಿದ (ಅದರಿಂದ ಕಿಡಿ ಹಾರುತ್ತದಂತೆ). ಬೆಕ್ಕನ್ನು ಗಡೀಪಾರು ಮಾಡಿದ. ತೋಟಾದ ಖಾಲಿ ಹಿತ್ತಾಳೆ ಕೋಶಗಳನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ರಾಜಾಜ್ಞೆ ಹೊರಡಿಸಿದ.

"ತೋಟಾ ತುಂಬೋವಾಗ ಯಾರೂ ಮಾತಾಡಬಾರ್ದು, ಲಿಬುಶೆ. ಮನೆಗೆ ಬೆಂಕಿ ಬಿದ್ರೂ ಸರಿ."

"ಬೆಂಕಿ ಬಿದ್ರೆ ನಾನ್ಯಾಕೆ ಹೇಳ್ಬೇಕು, ನಿನ್ನ ಮದ್ದೇ ಕೂಗಿ ಹೇಳುತ್ತೆ," ಎಂದು ಅವಳು ಎದುರು ಕುಳಿತು ಸೇಬು ಹೆರೆಯತೊಡಗಿದಳು.

ಮೊದಲು ಮದ್ದು, ಅದರ ಮೇಲೆ ಟೊಳ್ಳು ಉಳಿಯದಂತೆ ರವೆ (ಲಿಬುಶೆಯ ಡಬ್ಬಿಯದೇ), ಕೊನೆಗೆ ಸೀಸದ ಗುಂಡು. ಅಲೊಯಿಸನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಕೊನೆಯ ಕೋಶ ಕೈಗೆತ್ತಿಕೊಂಡಾಗ ಇಗರ್ಜಿಯ ಗಂಟೆ ಢಣ್ಣೆಂದಿತು. ಬೆಚ್ಚಿಬಿದ್ದವನು ಸಾವರಿಸಿಕೊಂಡು ಕೈಗೆ ಸಿಕ್ಕ ಚಮಚದಿಂದ ರವೆ ಸುರಿದ, ಸಾಲದೆಂದು ಮತ್ತಷ್ಟು ಸುರಿದ.

ಲಿಬುಶೆಯ ಚಾಕು ನಿಂತಿತು. "ಲೊಯ್ಜಾ..." ಎಂದಳು, ಮುದ್ದಿನ ಹೆಸರಿನಲ್ಲಿ. ಅವನು ಬೆರಳೆತ್ತಿದ. ಅವಳು ಕೋಶದತ್ತ ಕೈ ತೋರಿಸಿದಳು. ಅವನು ತಪೋಭಂಗವಾದ ಮುನಿಯಂತೆ ದುರುಗುಟ್ಟಿದ. ಅವಳು ಕೆಮ್ಮಿ ನೋಡಿದಳು. ಅವನು ಗುಂಡು ಕೂರಿಸಿಯೇಬಿಟ್ಟ. ಆಮೇಲೆ ಲಿಬುಶೆ ಸೇಬಿನ ಸಿಪ್ಪೆಯನ್ನು ಎಲ್ಲೂ ಕಡಿಯದಂತೆ ಒಂದೇ ಎಳೆಯಾಗಿ ತೆಗೆದಳು. ಅವಳ ಮನಸ್ಸು ತೀರಾ ನೆಮ್ಮದಿಯಾಗಿದ್ದಾಗ ಮಾತ್ರ ಹಾಗೆ ಬರುತ್ತಿತ್ತು.

ಭಾನುವಾರ ಕ್ವಾರಿಯಲ್ಲಿ ಜನವೋ ಜನ. ಲಿಬುಶೆ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಢಂ! ಬಿಳಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ, ತಟ್ಟೆ ನೆಲಕ್ಕೆ. ಮತ್ತೆ ಢಂ. ಒಂದೊಂದು ತಟ್ಟೆ ಬಿದ್ದಾಗಲೂ ಮೇಜಿನ ಒಂದೊಂದು ಕಾಲು ತನ್ನದಾದಂತೆ ಅಲೊಯಿಸನಿಗೆ ಅನಿಸಿತು. ಕಡೆಗೆ ಒಂದೇ ತಟ್ಟೆ ಉಳಿಯಿತು. ಉಸಿರು ಬಿಗಿಹಿಡಿದು ಟ್ರಿಗರ್ ಎಳೆದ.

ಟಿಕ್.

ಕ್ಲಬ್ಬಿನ ಅಧ್ಯಕ್ಷ ವಿಲೆಮ್ ಯಾರೂ ಅಲ್ಲಾಡಕೂಡದೆಂದ. ಮದ್ದು ತಡವಾಗಿ ಸಿಡಿಯುವುದೂ ಉಂಟು. ರಿವಾಲ್ವರನ್ನು ಗುರಿಯತ್ತಲೇ ಹಿಡಿದು ಅಲೊಯಿಸ್ ಕಾದ. ನೊಣ ಬಂದು ಮೂಗಿನ ಮೇಲೆ ಕೂತರೂ ಓಡಿಸಲಿಲ್ಲ. ಏನೂ ಆಗಲಿಲ್ಲ. ಕೊನೆಗೆ ವಿಲೆಮ್ ರಿವಾಲ್ವರ್ ಬಿಚ್ಚಿ ತೋಟಾ ಹೊರತೆಗೆದ, ಗುಂಡು ಕಿತ್ತು ಕೋಶವನ್ನು ಬಂಡೆಯ ಮೇಲೆ ಮೆಲ್ಲಗೆ ಕುಟ್ಟಿದ. ಸೊರಸೊರನೆ ರವೆ ಉದುರಿತು, ಮದ್ದಿನ ಒಂದು ಕಾಳೂ ಇರಲಿಲ್ಲ.

"ಏನಯ್ಯಾ ಶೆರಿಫ್, ಕಳ್ಳರಿಗೆ ತಿಂಡಿ ಕೊಟ್ಟು ಹಿಡೀತೀಯಾ?" ಎಂದ ವಿಲೆಮ್. ಕ್ವಾರಿಗೆ ಕ್ವಾರಿಯೇ ಬಿದ್ದು ಬಿದ್ದು ನಕ್ಕಿತು. ಶೆರಿಫ್ ಟುಸ್ ಪಟಾಕಿಯಾಗಿದ್ದ.

ಮನೆಗೆ ಬಂದವನೇ ಅಲೊಯಿಸ್ ಮೇಜಿನ ಮುಂದೆ ಕುಸಿದ. "ನೀನು ನೋಡ್ತಾನೇ ಇದ್ದೆಯಲ್ಲ. ಒಂದು ಮಾತು ಹೇಳಬಾರ್ದಿತ್ತಾ?"

ಲಿಬುಶೆ ಬೆಣ್ಣೆ ಹಾಕಿದ ಬಿಸಿ ಬಿಸಿ ರವೆಗಂಜಿಯ ಬಟ್ಟಲನ್ನು ಅವನ ಮುಂದಿಟ್ಟು ಬೆರಳೆತ್ತಿದಳು.

"ತಿನ್ನೋವಾಗ ಯಾರೂ ಮಾತಾಡಬಾರ್ದು, ಲೊಯ್ಜಾ. ಮನೆಗೆ ಬೆಂಕಿ ಬಿದ್ರೂ ಸರಿ. ಬೇಗ ತಿನ್ನು, ನೆಲಮಾಳಿಗೆ ಬಲ್ಬು ಹೋಗಿದೆ, ಕತ್ತಲಾಗೋದ್ರೊಳಗೆ ಹೊಸದು ಹಾಕ್ಕೊ."