ಸುದ್ದಿಯಪ್ಪನವರ ಸ್ನಾನವೂ ಏಳು ಗಂಟೆಯ ವಾರ್ತೆಯೂ

"ಇನ್ನು ಒಂದು ವಾರ ಈ ಮನೆಯೊಳಕ್ಕೆ ಸುದ್ದಿ ಅಂತ ಏನಾದ್ರೂ ಬಂದ್ರೆ, ಅದು ನನ್ನ ಗಂಟಲಿಂದಲೇ ಬರ್ಬೇಕು!"

ಶನಿವಾರ ಸಂಜೆ ಸುದ್ದಿಯಪ್ಪನವರು ಹೀಗೆ ಘೋಷಿಸಿದರು. ಹದಿನಾರು ವರ್ಷದ ಮಗಳ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿದರು.

ಸುದ್ದಿಯಪ್ಪ ಎನ್ನುವುದು ಬೀದಿಯವರಿಟ್ಟ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಬೆಳಗಿನ ಏಳು ಗಂಟೆಗೆ ರೇಡಿಯೋದಲ್ಲಿ ವಾರ್ತೆ ಓದುತ್ತಿರುವವರು ಅವರೇ. ಅಂಗಡಿಯಲ್ಲಿ "ಕಾಲು ಕೆಜಿ ಈರುಳ್ಳಿ" ಎಂದರೂ ಅಕ್ಕಪಕ್ಕದವರು ಮಾತು ನಿಲ್ಲಿಸಿ ಕೇಳುವಂಥ ಕಂಠ! ಆದರೆ ಹಿತ್ತಲ ಗಿಡ ಮದ್ದಲ್ಲ. ಏಳು ಗಂಟೆಗೆ ಮಗಳ ಕಿವಿಯಲ್ಲಿ ಇಯರ್‌ಫೋನ್, ಎಂಟೂವರೆಗೆ ಅವರು ಮನೆಗೆ ಬಂದಾಗಲೂ ಇಯರ್‌ಫೋನ್. ಒಮ್ಮೆಯಾದರೂ ಅವಳು ತಮ್ಮ ವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಈ ಜನ್ಮದಲ್ಲಿ ಅವರಿಗೆ ಉಳಿದಿದ್ದ ಆಸೆ ಇದೊಂದೇ.

"ಅಪ್ಪ, ನಿಂದು ಹತ್ತು ನಿಮಿಷ, ನಮ್ದು ಇಪ್ಪತ್ತು ಸೆಕೆಂಡು. ಸುದ್ದಿ ಅದೇ."

"ಇಪ್ಪತ್ತು ಸೆಕೆಂಡಲ್ಲಿ ನಾನು ಗಂಟಲು ಸರಿಮಾಡ್ಕೊಳ್ಳೋದೂ ಮುಗಿಯಲ್ಲ! ನಾಳೆ ಓದಿ ಬಂದ ಮೇಲೆ ಪ್ರಶ್ನೆ ಕೇಳ್ತೀನಿ. ಇಬ್ಬರಿಗೂ ಪರೀಕ್ಷೆ!"

"ನಂಗೂನಾ?" ಹೊಲಿಗೆ ಯಂತ್ರ ನಿಲ್ಲಿಸಿ ಹೆಂಡತಿ ಕೇಳಿದರು. "ನಾನು ಮದ್ವೆ ಆದಾಗಿಂದ ಕೇಳ್ತಾನೇ ಇದೀನಲ್ರೀ!"

ಭಾನುವಾರ ಬೆಳಗ್ಗೆ ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿತು, ಕೆಂಪು ದೀಪ ಹೊತ್ತಿತು. ಅಲ್ಲಿಂದಾಚೆಗೆ ಸುದ್ದಿಯಪ್ಪನವರು ಈ ಲೋಕದಲ್ಲಿ ಇರುವುದಿಲ್ಲ. ಬಾಯಿ ಓದುತ್ತಿರುತ್ತದೆ, ಮನಸ್ಸು ದನಿಯ ಬೆನ್ನೇರಿ ಹೊರಟುಬಿಡುತ್ತದೆ. ಅಂದೂ ಅದು ಇಬ್ಬನಿ ಹಿಡಿದ ಛಾವಣಿಗಳ ಮೇಲೆ ತೇಲಿತು. ಅರ್ಧ ತೆರೆದ ಕಿಟಕಿಗಳಲ್ಲಿ ನುಸುಳಿ, ಪರದೆಗಳನ್ನು ಮೆಲ್ಲಗೆ ಅಲುಗಿಸಿ, ಯಾರದೋ ಚಹಾದಲ್ಲಿ ಸಕ್ಕರೆಯ ಜೊತೆ ಕರಗಿತು. ಕೊನೆಗೆ ತಮ್ಮದೇ ಮನೆಯ ಊಟದ ಮೇಜಿನ ಬಳಿ ಬಂದು ನಿಂತಿತು. ಆಹಾ, ಮಗಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಾಳೆ! ಆ ಸುಖದಲ್ಲಿ ಅವರ ಬಾಯಿ ತನ್ನ ಪಾಡಿಗೆ ತಾನು ಏನೋ ಒಂದು "ಸರಬರಾಜು" ಎಂಬ ಪದವನ್ನು ಬಲು ಇಂಪಾಗಿ ಉರುಳಿಸಿ ಮುಂದಕ್ಕೆ ಹೋಯಿತು.

ಅದೇ ಗುಂಗಿನಲ್ಲಿ ಮನೆಗೆ ಬಂದರು.

"ರೀ, ಸ್ನಾನ ಬೇಗ ಮುಗಿಸಿ. ಒಂಬತ್ತಾಗ್ತಾ ಬಂತು."

"ಊರಿಗೇ ಟೈಮ್ ಹೇಳೋನಿಗೆ ನೀನು ಟೈಮ್ ಹೇಳ್ತೀಯಾ!" ಎಂದು ಸ್ನಾನದ ಮನೆ ಸೇರಿದರು.

ಶವರಿನ ನೀರು ಬೆಚ್ಚಗಿತ್ತು. ಹಬೆ ಏರಿತು, ಗೋಡೆಗಳು ಮಸುಕಾದವು. ತಲೆಯಿಂದ ಪಾದದವರೆಗೆ ನೊರೆ ಹಚ್ಚಿಕೊಂಡು, ಮೋಡದೊಳಗೆ ನಿಂತ ದೇವರ ಹಾಗೆ ಕಣ್ಣು ಮುಚ್ಚಿ, ಮಗಳಿಗೆ ಯಾವ ಪ್ರಶ್ನೆ ಕೇಳಲಿ ಎಂದು ಕನಸು ಕಾಣತೊಡಗಿದರು. ಶವರು ಒಮ್ಮೆ ಕೆಮ್ಮಿತು. ಮೂರು ಹನಿ ಬಿದ್ದವು. ಆಮೇಲೆ ಅದೂ ಇಲ್ಲ.

"ಯಾರದು ನೀರು ನಿಲ್ಲಿಸಿದ್ದು?"

ಬಾಗಿಲಾಚೆಯಿಂದ ಮಗಳ ದನಿ ಬಂತು. "ಅಪ್ಪ, ಇವತ್ತಿನ ವಾರ್ತೆ ನೀನು ಕೇಳ್ಲಿಲ್ವಾ?"

"ನಾನೇ ಓದಿದ್ದು ಕಣೇ!"

"ಹಾಗಾದ್ರೆ ಮೂರನೇ ಸುದ್ದಿ ಏನು, ಹೇಳು."

ಸುದ್ದಿಯಪ್ಪನವರು ನೊರೆಯೊಳಗೆ ತಡಕಾಡಿದರು. "ಮೂರನೇದು... ಅದರ ಮಧ್ಯೆ ಒಂದು ಸೊಗಸಾದ ನಿಲುಗಡೆ ಕೊಟ್ಟಿದ್ದೆ."

"ಸುದ್ದಿ ಏನಪ್ಪ?"

"'ಸರಬರಾಜು' ಅಂತ ಒಂದು ಪದ. ಎಷ್ಟು ಚೆನ್ನಾಗಿ ಬಂತು ಗೊತ್ತಾ!"

ಮಗಳು ಥೇಟ್ ಅವರ ಗತ್ತಿನಲ್ಲೇ ಶುರುಮಾಡಿದಳು. "ಮುಖ್ಯ ಕೊಳವೆಯ ದುರಸ್ತಿಯ ಕಾರಣ ಇಂದು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ... ಇಲ್ಲಿ ನಿನ್ನ ನಿಲುಗಡೆ... ನೀರು ಸರಬರಾಜು ಇರುವುದಿಲ್ಲ."

"ಅಡುಗೆಮನೇಲಿ ಹನ್ನೆರಡು ಪಾತ್ರೆ ತುಂಬಿಟ್ಟಿದೀವಿ," ಎಂದರು ಹೆಂಡತಿ. "ಓದಿದೋರಿಗೆ ಗೊತ್ತಿರುತ್ತೆ ಅಂತ ನಿಮಗೆ ಬೇರೆ ಹೇಳ್ಲಿಲ್ಲ. ಪರೀಕ್ಷೆ ನಡೀಲಿ. ಸರಿಯುತ್ತರಕ್ಕೆ ಒಂದೊಂದು ಚೊಂಬು!"

"ಮೊದಲನೇ ಸುದ್ದಿ?" ಮಗಳು ಕೇಳಿದಳು. ಅಪ್ಪನಿಗೆ ಗೊತ್ತಿಲ್ಲ. "ಎರಡನೇದು?"

"ಯಾರೋ ಯಾರನ್ನೋ ಭೇಟಿ ಮಾಡಿ ಮಾತುಕತೆ ನಡೆಸಿದರು?"

"ಅದು ಯಾವತ್ತಿಗಾದ್ರೂ ಸರಿಯೇ. ಒಂದು ಚೊಂಬು ಕೊಡೇ," ಎಂದರು ಹೆಂಡತಿ.

"ಕೊನೇ ಪ್ರಶ್ನೆ. ವಾರ್ತೆ ಓದಿದವರು ಯಾರು?"

"ನಾನೇ! ನಾನೇ!"

"ಓದಿದ್ದು ನೀನು, ಕೇಳಿದ್ದು ನಾವು. ಅರ್ಧ ಚೊಂಬು."

ಒಂದೂವರೆ ಚೊಂಬಿನಲ್ಲಿ ಎರಡು ಕಣ್ಣೂ ಒಂದು ಕಿವಿಯೂ ಶುದ್ಧವಾದವು. ಶುದ್ಧವಾದ ಕಿವಿಗೆ ಆಗ ಒಂದು ವಿಷಯ ಹೊಳೆಯಿತು. "ಪುಟ್ಟಿ, ಅಂದ್ರೆ ನೀನು ಪೂರ್ತಿ ಕೇಳಿದ್ಯಾ?"

"ದಿನಾ ಕೇಳ್ತೀನಲ್ಲಪ್ಪ."

ಇದನ್ನು ನಂಬುವ ಸ್ಥಿತಿಯಲ್ಲಿ ಅವರಿರಲಿಲ್ಲ. ಉಳಿದ ನೀರಿಗಾಗಿ ಶರಣಾಗಿ, ಗೂಟದ ಮೇಲಿದ್ದ ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲ ಸಂದಿಯಲ್ಲಿ ಚಾಚಿದರು. ಅವರ ಒಂದು ವಾರದ ರಾಜ್ಯಭಾರ ಒಂದು ದಿನವೂ ನಡೆಯಲಿಲ್ಲ.

ಫೋನಿಗೆ ಜೀವ ಬಂದದ್ದೇ ತಡ, ಗುಂಯ್‌ಗುಡತೊಡಗಿತು.

"ಅಪ್ಪ, ಮೂವತ್ತೊಂದು ಮೆಸೇಜು! ನಮ್ಮ ಕ್ಲಾಸಿನವರು! 'ಇವತ್ತು ನಿಮ್ಮಪ್ಪ ಯಾಕೆ ಬಂದಿಲ್ಲ? ನೀರು ನಿಂತೋಯ್ತು, ತಲೆ ತುಂಬಾ ಶಾಂಪೂ!' ಇವನೂ ಸೋಪಲ್ಲಿದಾನೆ. ಇವಳೂ ಅಷ್ಟೇ."

"ನಾನು ಎಲ್ಲಿಗೆ ಬರ್ಬೇಕಿತ್ತು?"

"ದಿನಾ ನಿನ್ನ ಹತ್ತು ನಿಮಿಷ ಕೇಳಿ, ಬೇಕಾದ ಇಪ್ಪತ್ತು ಸೆಕೆಂಡು ಕತ್ತರಿಸಿ ಎಲ್ರಿಗೂ ಕಳಿಸ್ತೀನಿ. 'ಅಪ್ಪನ ವಾರ್ತೆ' ಅಂತ. ಒಂದು ವರ್ಷ ಆಯ್ತು. ಇವತ್ತು ಫೋನು ಬೀರುವಲ್ಲಿತ್ತಲ್ಲ!"

ಸುದ್ದಿಯಪ್ಪನವರ ಎದೆ ತುಂಬಿಬಂತು. ಅಷ್ಟು ಮಕ್ಕಳ ಕಿವಿಯಲ್ಲಿ ಒಂದು ವರ್ಷದಿಂದ ತಾವಿದ್ದರು! ತಮ್ಮ ಕೈಯಾರೆ ತಮ್ಮನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಬೆಯೆಲ್ಲ ಆರಿ ಚಳಿಯಾಗುತ್ತಿದ್ದರೂ ಅವರಿಗೆ ಹಿತವೆನಿಸಿತು.

"ಈಗ್ಲಾದ್ರೂ ಹೇಳಪ್ಪ, ಕಳಿಸ್ತೀನಿ. ಇಪ್ಪತ್ತೇ ಸೆಕೆಂಡು!" ಫೋನು ಬಾಗಿಲ ಸಂದಿಯಲ್ಲಿ ಒಳಗೆ ಬಂತು.

ನೊರೆ ಮೆತ್ತಿದ ಸುದ್ದಿಯಪ್ಪನವರು ನೆಟ್ಟಗೆ ನಿಂತರು. ಗಂಟಲು ಸರಿಮಾಡಿಕೊಳ್ಳುವುದನ್ನು ಜೀವನದಲ್ಲಿ ಮೊದಲ ಬಾರಿಗೆ ಎರಡೇ ಸೆಕೆಂಡಿನಲ್ಲಿ ಮುಗಿಸಿದರು.

"ನಮಸ್ಕಾರ. ವಾರ್ತೆಗಳು. ಇಂದು ಸಂಜೆ ಆರರವರೆಗೆ ನೀರು ಸರಬರಾಜು ಇರುವುದಿಲ್ಲ. ಈ ವಿಷಯ, ವಾರ್ತೆ ಓದಿದವರಿಗೆ ಈಗಷ್ಟೇ ತಿಳಿದುಬಂದಿದೆ."