ಭಾವನವರ ಹೆಬ್ಬೆರಳೂ ಬಿಟ್ಟ ಮಾತ್ರೆಯೂ

ನಮ್ಮ ನಂಟರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂತೆಂದರೆ ಉಳಿದವರೆಲ್ಲ ಅಂದೇ ಡಾಕ್ಟರಾಗಿಬಿಡುತ್ತಾರೆ. ಹೋದ ವರ್ಷ ಈ ಡಾಕ್ಟರುಗಳ ಕೈಗೆ ಸಿಕ್ಕಿದ್ದು ನಮ್ಮ ಅಕ್ಕನ ಗಂಡನ ಬಲಗಾಲಿನ ಹೆಬ್ಬೆರಳು. ಭಾವ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುತ್ತಾರೆ. ತೋಟದಲ್ಲಿ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಡ್ಡಿಯ ಮೋಟು ಚುಚ್ಚಿತ್ತು. ಗಾಯ ಚಿಕ್ಕದು, ಆದರೆ ಮಾಯಲೊಲ್ಲದು.

ಫೋನಿನಲ್ಲಿ ಬಂದ ವಿದ್ಯೆ

ಚಿಂತಾಮಣಿಯಿಂದ ಭಾವನ ಬೀಗರು ನೋಡಲು ಬಂದರು. ರಿಟೈರಾದ ಆಫೀಸರು, ಬೆಳಗಿನಿಂದ ಸಂಜೆಯವರೆಗೆ ಫೋನು ಓದುವುದೇ ಈಗಿನ ಉದ್ಯೋಗ.

"ಸಕ್ಕರೆ ಮಾತ್ರೆ ನುಂಗ್ತಾ ಇದ್ದೀಯಾ ಬಾವಾ? ಮೊದಲು ಬಿಡು. ರಕ್ತದಲ್ಲಿ ಬಿಳಿ ಕಣ ಅಂತ ಸೈನಿಕರಿರ್ತಾರೆ. ಮಾತ್ರೆ ಅವರನ್ನೇ ಕೊಂದಾಕ್ತದೆ. ಮತ್ತೆ ಗಾಯ ಹೆಂಗೆ ಮಾಯ್ತದೆ?"

"ನಿಜವಾ?"

"ನಿಜಮೇ ಬಾವಾ! ನೋಡು, ಇಲ್ಲೇ ಬಂದಿದೆ."

ಭಾವ ಅಂದೇ ಮಾತ್ರೆ ಬಿಟ್ಟರು. ಊಟದ ಹೊತ್ತಿಗೆ ನೋಡುತ್ತೇನೆ, ಬೀಗರು ಜೇಬಿನಿಂದ ಅದೇ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ.

"ಇದೇನು ಸ್ವಾಮಿ?" ಎಂದೆ.

ಅವರು ಶಾಂತವಾಗಿ ನೀರು ಕುಡಿದು ಹೇಳಿದರು: "ನನಗೆ ಗಾಯ ಆಗಿಲ್ಲವಲ್ಲ!"

ಹುಳುಮನೆ ಚಿಕಿತ್ಸೆ

ಮಾತ್ರೆ ಬಿಟ್ಟ ಮೇಲೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹುಳುಗಳು ಪೊರೆ ಬಿಡುವ ಹೊತ್ತಿಗೆ ಹಾಸಿಗೆ ಒಣಗಿರಲಿ, ರೋಗ ತಗಲದಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುವುದು ಈ ಕಡೆಯ ವಾಡಿಕೆ. ಒಂದು ಬೆಳಿಗ್ಗೆ ನಾನು ಹೋದಾಗ ಭಾವ ಹುಳುಮನೆಯ ಬಾಗಿಲಲ್ಲಿ ಕೂತು, ಬಟ್ಟೆಯಲ್ಲಿ ಪುಡಿ ಕಟ್ಟಿಕೊಂಡು, ಹುಳುಗಳ ಮೇಲೆ ಉದುರಿಸಿದಷ್ಟೇ ನಯವಾಗಿ ಬೆರಳಿನ ಮೇಲೂ ಉದುರಿಸುತ್ತಿದ್ದರು.

"ಭಾವ, ಅದು ಹುಳಕ್ಕೆ ಹಾಕೋದು!"

"ಇಷ್ಟು ಸಣ್ಣ ಹುಳಾನೇ ತಡ್ಕೊಳ್ತದೆ. ನಾನು ತಡ್ಕೊಳ್ಳಲ್ವೇನೋ?"

ಒಳಗಿನಿಂದ ಅಕ್ಕ ಕೂಗಿದಳು: "ಹುಳ ನಾಲ್ಕು ವಾರದಲ್ಲಿ ಗೂಡಾದ್ರೂ ಕಟ್ತದೆ ಕಣಪ್ಪ. ಇವರು ಕೂತಲ್ಲಿಂದ ಏಳಲ್ಲ!"

ಡಾಕ್ಟರಮ್ಮನ ಪಾಠ

ಅಕ್ಕ ಅತ್ತೂ ಕರೆದೂ ಮಾಡಿದ ಮೇಲೆ ಕೊನೆಗೆ ಭಾವನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೆರಳು ನೋಡಿ ಮುಖ ಗಂಟಿಕ್ಕಿದರು.

"ಉಳಿಸೋಕೆ ನೋಡ್ತೀನಿ. ಆಗದಿದ್ರೆ ಬೆರಳು ತೆಗೀಬೇಕಾಗ್ತದೆ. ಮಾತ್ರೆ ಬಿಡಿ ಅಂತ ಯಾರು ಹೇಳಿದ್ದು?"

ಭಾವ ಸೈನಿಕರ ಕತೆ ಹೇಳಿದರು. ಡಾಕ್ಟರಮ್ಮ ನಗಲಿಲ್ಲ.

"ಸೈನಿಕರಿರೋದು ನಿಜ. ಆದ್ರೆ ಅವರನ್ನ ಕೆಡಿಸೋದು ಮಾತ್ರೆ ಅಲ್ಲ, ಸಕ್ಕರೆ. ಸಕ್ಕರೆ ಏರಿದ್ರೆ ಅವರು ಮಂಕಾಗ್ತಾರೆ. ಗಾಯದ ಹತ್ರ ಗುಂಪು ಸೇರ್ತಾರೆ, ಗಲಾಟೆ ಎಬ್ಬಿಸ್ತಾರೆ, ಉರಿ, ಊತ ಎಲ್ಲಾ ಮಾಡ್ತಾರೆ. ಕೆಲಸ ಮಾತ್ರ ಮಾಡಲ್ಲ."

"ಅಂದ್ರೆ ನಮ್ಮೂರ ಗ್ರಾಮಸಭೆ ಅನ್ನಿ," ಎಂದರು ಭಾವ.

"ಹಾಗೇ ಅಂದ್ಕೊಳ್ಳಿ. ನೀವು ತಗೊಳ್ತಿದ್ದ ಮಾತ್ರೆ ಸಕ್ಕರೆ ಇಳಿಸ್ತದೆ, ಆ ಗಲಾಟೇನೂ ಒಂದಿಷ್ಟು ತಗ್ಗಿಸ್ತದೆ. ಹಾಗಂತ ಗಾಯಕ್ಕೆ ಅದೊಂದೇ ಸಾಲದು. ಡ್ರೆಸ್ಸಿಂಗು, ಇಂಜೆಕ್ಷನ್ನು, ಪಥ್ಯ, ಎಲ್ಲಾ ಬೇಕು."

ಭಾವ ಕೈ ಮುಗಿದರು. "ಗಲಾಟೆ ಮಾಡೋರನ್ನ ಕೂರಿಸಿ ಕೆಲಸಕ್ಕೆ ಹಚ್ಚೋ ಮಾತ್ರೆ ಇಷ್ಟು ಸಣ್ಣದಾ ತಾಯಿ? ನಮ್ಮ ಪಂಚಾಯ್ತಿಗೂ ಒಂದು ಡಬ್ಬ ಬರ್ಕೊಡಿ."

ತುಲಾಭಾರ

ಭಗವಂತನ ದಯೆ, ಡಾಕ್ಟರಮ್ಮನ ಕೈಗುಣ, ಬೆರಳು ಉಳಿಯಿತು. ಉಗುರು ಹೋಯಿತು, ಹೋಗಲಿ. ಆಗ ಡಾಕ್ಟರಮ್ಮನ ಎದುರೇ ಅಕ್ಕ ಬಾಯಿಬಿಟ್ಟಳು: ಬೆರಳು ಉಳಿದರೆ ಗಂಡನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ದೇವರಿಗೆ ಹೇಳಿಕೊಂಡಿದ್ದಳಂತೆ.

"ಬೆಲ್ಲಾನಾ? ರಾಗಿ ತೂಗಬಾರದಿತ್ತೇನಮ್ಮ?" ಎಂದರು ಡಾಕ್ಟರಮ್ಮ.

"ದೇವರಿಗೇನು ಸಕ್ಕರೆ ಕಾಯಿಲೆ ಇಲ್ವಲ್ಲ!"

ದೇವಸ್ಥಾನದಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಭಾವ ಕೂತರು. ಇನ್ನೊಂದರಲ್ಲಿ ಬೆಲ್ಲದ ಉಂಡೆಗಳು, ಕೈಗೆಟುಕುವಷ್ಟು ಹತ್ತಿರ. ತಟ್ಟೆಗಳು ಸಮ ಆಗುತ್ತಲೇ ಅರ್ಚಕರು ಮಂಗಳಾರತಿ ಎತ್ತಿದರು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದೆವು. ಕಣ್ಣು ಬಿಟ್ಟರೆ ಭಾವನ ತಟ್ಟೆ ಕೆಳಗಿಳಿದಿದೆ!

ಅಕ್ಕ ಇನ್ನೆರಡು ಉಂಡೆ ಹಾಕಿದಳು. ಸಮವಾಯಿತು. ಮತ್ತೆ ಆರತಿ, ಮತ್ತೆ ಭಾವ ಕೆಳಗೆ. ಮತ್ತೆ ಉಂಡೆ. ಮತ್ತೆ ಕೆಳಗೆ.

ಬೀಗರು ಫೋನು ತೆಗೆದು ವಿಡಿಯೋ ಹಿಡಿಯತೊಡಗಿದರು. ಅರ್ಚಕರ ಕಣ್ಣಲ್ಲಿ ನೀರು. "ಇಷ್ಟು ವರ್ಷದ ಪೂಜೆಯಲ್ಲಿ ಇಂಥ ಪವಾಡ ನೋಡಿಲ್ಲ! ಈ ಭಕ್ತರ ಪುಣ್ಯದ ಭಾರ ನೋಡಿ!"

ನನಗೂ ರೋಮಾಂಚನವಾಯಿತು, ಸುಳ್ಳೇಕೆ ಹೇಳಲಿ. ಭಾವ ಮಾತ್ರ ಕೆನ್ನೆ ಉಬ್ಬಿಸಿಕೊಂಡು ಧ್ಯಾನದಲ್ಲಿದ್ದರು.

ಅಕ್ಕ ಗಂಡನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅರ್ಚಕರಿಗೆ ಹೇಳಿದಳು: "ಪವಾಡ ಆಮೇಲೆ ನೋಡೋಣ ಸ್ವಾಮಿ. ಮೊದಲು ಇವರನ್ನ ಎಬ್ಬಿಸಿ ನಿಲ್ಲಿಸಿ, ಪಂಚೆ ಒದರಿಸಿ!"